ಬಾಲಂಗೋಚಿ ಸಾಹೇಬರು

ರಸ್ತೆಯಲ್ಲಿ ಇಂಗ್ಲಿಷ್ ಮಾತಾಡಿಕೊಂಡು ಹೋಗುವ ಅಪರಿಚಿತರ ಹಿಂದೆ, ಅವರ ವಾಕ್ಯ ಮುಗಿಯುವ ತನಕ, ತಮ್ಮ ದಾರಿ ಬಿಟ್ಟು ನಡೆದುಹೋಗುವ ವಿಚಿತ್ರ ಚಾಳಿಯೊಂದು ನಮ್ಮ ನ್ಯಾಯಾಲಯದ ಹಿರಿಯ ಭಾಷಾಂತರಕಾರರಿಗೆ ಇತ್ತು. ಹಾಗೆ ಹೋಗುವಾಗ ಅವರದು ಕೊಕ್ಕರೆಯ ನಡಿಗೆ: ನೀಳವಾದ ಕಾಲನ್ನು ಎತ್ತಿ, ಸದ್ದಾಗದಂತೆ ಊರಿ, ಕತ್ತನ್ನು ತುಸು ಮುಂದಕ್ಕೆ ಚಾಚಿ, ಎಡಗಿವಿಯನ್ನು ಮಾತಿನ ದಿಕ್ಕಿಗೆ ಒಡ್ಡಿಕೊಂಡು ಅವರು ಸಾಗುತ್ತಿದ್ದರೆ ನೋಡಿದವರಿಗೆ ಪತ್ತೇದಾರಿಕೆಯ ಅನುಮಾನ ಬರಬೇಕು. ಒಮ್ಮೆ ಗಂಡಹೆಂಡಿರಿಬ್ಬರು ಜಗಳವಾಡುತ್ತ ಹೋಗುತ್ತಿದ್ದಾಗ ಹೀಗೇ ಬೆನ್ನು ಹತ್ತಿದರು. ಗಂಡ ತಟ್ಟನೆ ತಿರುಗಿ ಏನು ಬೇಕು ಎಂದು ಗದರಿದಾಗ ಇವರು ಕೈಮುಗಿದು, ಅವರ ಜಗಳದಲ್ಲಿ ತಲೆ ಹಾಕುವ ಉದ್ದೇಶ ತಮಗಿಲ್ಲವೆಂದೂ, ಈಗತಾನೆ ಅವರ ಮನೆಯವರು 'ಗಿವ್' ಎಂದರಲ್ಲ, ಅದರ ಹಿಂದೆ 'ಇನ್' ಬಂತೋ 'ಅಪ್' ಬಂತೋ ಅಷ್ಟು ಹೇಳಿದರೆ ಸಾಕೆಂದೂ ವಿನಯದಿಂದ ಬಿನ್ನವಿಸಿದರಂತೆ. ಸೋತು ಬಗ್ಗುವುದಕ್ಕೂ ಕೈಬಿಟ್ಟು ಹೋಗುವುದಕ್ಕೂ ನಡುವೆ ಇರುವ ವ್ಯತ್ಯಾಸವೆಲ್ಲ ಆ ಪುಟ್ಟ ಪದದಲ್ಲಿದೆಯಲ್ಲ! ಆ ಹೆಂಗಸು ನಕ್ಕುಬಿಟ್ಟಳಂತೆ. ಯಾವುದು ಬಂದಿತ್ತೆಂದು ಮಾತ್ರ ಹೇಳಲಿಲ್ಲವಂತೆ. ಆ ಕೊರಗು ಅವರಿಗೆ ಬಹಳ ದಿನ ಇತ್ತು.

ನಾನು ಕಿರಿಯ ಭಾಷಾಂತರಕಾರನಾಗಿ ಸೇರಿ ಅವರ ಎದುರು ಮೇಜಿನಲ್ಲಿ ಕುಳಿತಾಗ ಅವರ ಕರಿ ಕೋಟು ಇದ್ದಿಲಿನ ಬಣ್ಣಕ್ಕೆ ಇಳಿದಿತ್ತು. ಮೊಣಕೈಗಳಲ್ಲಿ ಸವೆದು ಹೊಳೆಯುತ್ತಿತ್ತು. ಬೆಳಗ್ಗೆ ಅದನ್ನು ಗೂಟದಿಂದ ತೆಗೆದು ತೊಡುವಾಗ 'ಪುಟ್ ಇಟ್ ಆನ್' ಎಂದು, ಸಂಜೆ ಕಳಚುವಾಗ 'ಟೇಕ್ ಇಟ್ ಆಫ್' ಎಂದು ಮಂತ್ರದಂತೆ ಗೊಣಗಿಕೊಳ್ಳುವರು. ಕ್ರಿಯಾಪದವೊಂದೇ ಬಂದರೆ ಅದನ್ನು ನಂಬಬಾರದೆಂಬುದು ಅವರ ಸಿದ್ಧಾಂತ. "ಬಾಲಂಗೋಚಿ ಇಲ್ಲದ ಗಾಳಿಪಟ ನೋಡಿ ಅದು, ಎಲ್ಲಿ ಹೋಗಿ ಬೀಳುತ್ತೆ ಅಂತ ಹೇಳೋಕಾಗಲ್ಲ" ಎನ್ನುತ್ತಿದ್ದರು. ಕಚೇರಿಯವರಿಗೆ ಇಷ್ಟು ಸಾಕಾಯಿತು. ಬಾಲಂಗೋಚಿ ಸಾಹೇಬರು ಎಂಬ ಬಿರುದು ಅವರ ಬೆನ್ನಿಗೆ ಅಂಟಿತು.

ಮೊದಲಿನಿಂದ ಅವರು ಹೀಗಿರಲಿಲ್ಲವಂತೆ. ತೀರ್ಪುಗಳನ್ನೂ ಕ್ರಯಪತ್ರಗಳನ್ನೂ ತಿರುಗಿಸಿ ತಿರುಗಿಸಿ ಅವರ ಇಂಗ್ಲಿಷು ಜರತಾರಿ ಶಾಲು ಹೊದ್ದುಕೊಂಡಿತ್ತು. ಮುಂದೂಡುವುದಕ್ಕೆ 'ಪೋಸ್ಟ್‌ಪೋನ್', ದೀಪ ಆರಿಸುವುದಕ್ಕೆ 'ಎಕ್ಸ್‌ಟಿಂಗ್ವಿಶ್'. ಪುಟ್ಟು, ಗೆಟ್ಟು, ಟೇಕು, ಟರ್ನುಗಳೆಲ್ಲ ಅವರ ಪಾಲಿಗೆ ಹಿತ್ತಿಲ ಬಾಗಿಲಿನ ಮಾತು. 'ಪುಟ್ ಆಫ್' ಎಂಬುದು ಕಿವಿಗೆ ಬೀಳುತ್ತಿದ್ದದ್ದು ಮನೆಯಲ್ಲಿ ಮಾತ್ರ. ಎಲ್ಲರ ಮನೆಯಂತೆ ಅಲ್ಲಿಯೂ ಲೈಟನ್ನು ಪುಟ್ ಆಫ್ ಮಾಡುತ್ತಿದ್ದರು.

ಅವರ ತಾಯಿಗೆ ಹೃದಯದ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿಸಿದ್ದರು. ಹಾಸಿಗೆಯ ಪಕ್ಕದಲ್ಲಿ ಉಸಿರಾಟಕ್ಕೆ ಹಚ್ಚಿದ್ದ ಯಂತ್ರ. ಅದು ಬುಸ್ಸೆಂದಾಗ ಮುದುಕಿಯ ಎದೆ ಏರುತ್ತಿತ್ತು, ಸುಮ್ಮನಾದಾಗ ಇಳಿಯುತ್ತಿತ್ತು. ಮಧ್ಯಾಹ್ನ ಬಂದ ದೊಡ್ಡ ಡಾಕ್ಟರು ನಾಡಿ ನೋಡಿ, ಕಾಗದ ನೋಡಿ, ನರ್ಸಿನ ಕಡೆ ತಿರುಗಿ, "ಲೆಟ್ಸ್ ಪುಟ್ ಇಟ್ ಆಫ್ ಟಿಲ್ ಮಂಡೇ" ಎಂದರು. ಎಷ್ಟೋ ದಪ್ಪ ಸಂಪುಟಗಳನ್ನು ಭಾಷಾಂತರಿಸಿದ ಆ ಮನುಷ್ಯನಿಗೆ ಕೇಳಿಸಿದ್ದು ಒಂದೇ ಅರ್ಥ: ಯಂತ್ರವನ್ನು ಸೋಮವಾರದವರೆಗೆ ಆರಿಸಿಬಿಡೋಣ. ನರ್ಸು ಗೋಡೆಯ ಕಡೆ ಒಂದು ಹೆಜ್ಜೆ ಇಟ್ಟದ್ದೇ ತಡ, ಸಾಹೇಬರು ಪ್ಲಗ್ಗಿಗೂ ಆಕೆಗೂ ನಡುವೆ ಎರಡು ಕೈ ಚಾಚಿ ನಿಂತುಬಿಟ್ಟರು. ತಮ್ಮ ಜೀವ ಇರುವ ತನಕ ಇದು ನಡೆಯಲು ಬಿಡುವುದಿಲ್ಲವೆಂದು ಉದ್ದುದ್ದ ಇಂಗ್ಲಿಷಿನಲ್ಲಿ ಘೋಷಿಸಿದರು. ಡಾಕ್ಟರು ಕಕ್ಕಾಬಿಕ್ಕಿ. ಕೊನೆಗೆ ನರ್ಸೇ ಅವರ ತೋಳು ಮುಟ್ಟಿ, "ಆಪರೇಷನ್ ಸೋಮವಾರಕ್ಕೆ ಮುಂದಕ್ಕೆ ಹಾಕೋಣ ಅಂದ್ರು ಸಾರ್. ಮಿಷನ್ ಅಲ್ಲ" ಎಂದಳು.

ಅವರು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕುಳಿತರಂತೆ. ನಾಚಿಕೆಗಿಂತ ಮೊದಲು ಬಂದದ್ದು ಸಮಾಧಾನ. ಸಮಾಧಾನದ ಬೆನ್ನಿಗೇ ಬಂದದ್ದು ಕುತೂಹಲ. ಇಡು ಎಂಬ 'ಪುಟ್ಟು', ಆಚೆ ಎಂಬ 'ಆಫು', ಇವೆರಡೂ ಕೂಡಿ ದೀಪವನ್ನೂ ಆರಿಸುತ್ತವೆ, ದಿನವನ್ನೂ ಮುಂದೂಡುತ್ತವೆ ಎಂದರೆ ಏನಿದರ ಮರ್ಮ? ಮಧ್ಯೆ ಕುಳಿತ ಆ 'ಇಟ್ಟು' ಯಾರ ಪರವಾಗಿ ಕುಳಿತಿದೆಯೆಂದು ತಿಳಿಯುವ ಬಗೆ ಹೇಗೆ? ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಮನೆಗೆ ಬಂದ ಮೇಲೆ ಈ ಪ್ರಸಂಗ ಕೇಳಿ ಆ ತಾಯಿ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕರಂತೆ ಎಂದು ನಾನು ಒಮ್ಮೆ ಬೇರೆಯವರಿಗೆ ಹೇಳಿದ್ದೆ. ಸಾಹೇಬರು ತಿದ್ದಿದರು, ಹೊಲಿಗೆ ಎದೆಯದು. ಆಕೆ ಹೇಳಿದ ಮಾತು ಮಾತ್ರ ಇದು: "'ಅದು' ಅಂದ್ರೆ ಯಾವುದು ಅಂತ ಒಂದು ಮಾತು ಕೇಳಬಾರದಿತ್ತೇನೋ, ಮಗನೇ?"

ಅಂದಿನಿಂದ ಆ ಪ್ರಶ್ನೆ ಅವರ ನಾಲಿಗೆಯ ತುದಿಯಲ್ಲೇ ನೆಲೆಸಿತು. ಅದನ್ನು ಇತ್ತ ಕೊಡಿ ಎಂದರೆ ಅದು ಅಂದರೆ ಯಾವುದು, ಅವರು ಬಂದರು ಎಂದರೆ ಅವರು ಅಂದರೆ ಯಾರು. ಕ್ಯಾಂಟೀನಿನವನು ಇವರನ್ನು ಕಂಡರೆ ಸರ್ವನಾಮಗಳನ್ನೇ ಬಿಟ್ಟುಬಿಟ್ಟು, ಕಾಫಿ ಕೊಡಲೇ, ಕಾಫಿ ಕೊಟ್ಟೆ, ಕಾಫಿ ಕುಡಿಯಿರಿ ಎನ್ನುವ ಸ್ಥಿತಿಗೆ ಬಂದಿದ್ದ. ಬಿಡುವಿನ ವೇಳೆಯಲ್ಲಿ ಸಾಹೇಬರು ಮೇಜಿನ ಮೇಲೆ ಪೆನ್ನನ್ನೋ ರಬ್ಬರನ್ನೋ ಇಟ್ಟುಕೊಂಡು ನನಗೆ ಪಾಠ ಹೇಳುವರು. 'ಪಿಕ್ ಅಪ್ ದಿ ಪೆನ್' ಎನ್ನಬಹುದು, 'ಪಿಕ್ ದಿ ಪೆನ್ ಅಪ್' ಎಂದೂ ಎನ್ನಬಹುದು. ಆದರೆ ಪೆನ್ನು ಹೋಗಿ 'ಇಟ್' ಬಂದಿತೋ, ಸ್ಕೂಟರಿನ ಮೇಲೆ ಅಪ್ಪ ಅಮ್ಮನ ನಡುವೆ ಕೂರಿಸುವ ಮಗುವಿನಂತೆ ಅದಕ್ಕೆ ನಡುವಿನ ಜಾಗವೇ ಆಗಬೇಕು. ಅದೇ 'ಲುಕ್ ಆಫ್ಟರ್ ಹರ್' ಎನ್ನುವಲ್ಲಿ ಆ 'ಹರ್' ಎಷ್ಟು ಅತ್ತರೂ ನಡುವೆ ಸೇರಿಸರು. ಯಾಕೆ ಸಾರ್ ಎಂದು ಕೇಳಿದರೆ ಅವರ ಮುಖ ಅರಳುತ್ತಿತ್ತು. "ಗೊತ್ತಿಲ್ಲ ಇವರೆ, ಅದೇ ಅದರ ಸೊಗಸು" ಎನ್ನುವರು.

ಹಾಗೆ ಹುಡುಕುತ್ತ ಹುಡುಕುತ್ತ ಅವರು ಹೊರಳಿ ಬಂದದ್ದು ನಮ್ಮ ಮಾತಿಗೇ. ಓದಿಕೋ, ಓದಿಕೊಡು, ಓದಿನೋಡು, ಓದಿಬಿಡು, ಓದಿಹಾಕು: ಇಲ್ಲಿ ಕೊಡುವುದೇನು, ಬಿಡುವುದೇನು, ಹಾಕುವುದೆಲ್ಲಿಗೆ? ಹುಟ್ಟಿದಂದಿನಿಂದ ಆಡಿದ ಮಾತು ಇದ್ದಕ್ಕಿದ್ದಂತೆ ಹೊಸದಾಗಿ ಕಂಡು ಬೆರಗಾಗಿ, ಅಡುಗೆಮನೆಗೆ ಹೋಗಿ ತಾಯಿಯನ್ನು ವಿಚಾರಿಸಿದರಂತೆ. ಹಾಗೆಲ್ಲ ಯಾಕೆ ಅಂತ ಕೇಳುತ್ತ ಕೂತರೆ ನಾಲಿಗೆ ತೊಡರುತ್ತದೆ, ಸುಮ್ಮನೆ ಮಾತಾಡು, ಎಂದು ಆಕೆ ಸೌಟು ತೋರಿಸಿದರಂತೆ.

ಇದೆಲ್ಲ ಒಬ್ಬ ಸಾಧುಮನುಷ್ಯನ ಹುಚ್ಚೆಂದೇ ನಾವು ಭಾವಿಸಿದ್ದೆವು, ವ್ಯಾನ್ ಚಾಲಕನ ಮೊಕದ್ದಮೆ ಬರುವ ತನಕ. ಹೊರನಾಡಿನಿಂದ ಬಂದು ಸರಕಿನ ವ್ಯಾನ್ ಓಡಿಸುತ್ತಿದ್ದವನು. ಇಂಗ್ಲಿಷ್ ಬಿಟ್ಟು ಬೇರೆ ಅರಿಯ. ಗೋದಾಮಿನ ಕಾವಲುಗಾರನಿಗೆ ವ್ಯಾನು ಗುದ್ದಿಸಿ ಓಡಿಹೋದನೆಂಬುದು ಆರೋಪ. ಕಾವಲುಗಾರನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಆ ಸಂಜೆ ಕಾವಲುಗಾರನನ್ನು ನೋಡಿದೆಯಾ ಎಂದು ಸರ್ಕಾರಿ ವಕೀಲರು ಕೇಳಿದರು. ಚಾಲಕ ನೆಲ ನೋಡುತ್ತ, "ಐ ರ್‍ಯಾನ್ ಇಂಟು ಹಿಮ್ ನಿಯರ್ ದಿ ಗೇಟ್" ಎಂದ. ಸಾಹೇಬರು ಕಂಠ ಸರಿಪಡಿಸಿಕೊಂಡು, ಗೇಟಿನ ಹತ್ತಿರ ನಾನು ಅವನಿಗೆ ಡಿಕ್ಕಿ ಹೊಡೆದೆ, ಎಂದು ಅನುವಾದಿಸಿದರು. ಸಭೆಯಲ್ಲಿ ಗುಜುಗುಜು ಎದ್ದಿತು. ಇಂಗ್ಲಿಷ್ ಬಲ್ಲ ನ್ಯಾಯಾಧೀಶರೂ, ಅವನ ಪರ ವಕೀಲರೂ ಅದನ್ನೇ ಕೇಳಿಸಿಕೊಂಡಿದ್ದರು. ವಕೀಲರಂತೂ ತಲೆಯ ಮೇಲೆ ಕೈ ಇಟ್ಟುಕೊಂಡಾಗಿತ್ತು. ಬೆರಳಚ್ಚಿನವಳು ಟಕಟಕ ಕುಟ್ಟತೊಡಗಿದಳು. ಸಾಹೇಬರು ಮಾತ್ರ ಕುಳಿತುಕೊಳ್ಳಲಿಲ್ಲ. ಎಡಗಿವಿ ಚಾಲಕನ ಕಡೆಗೇ ಇತ್ತು.

"ಸ್ವಾಮಿ, ನಾನು ತಪ್ಪು ಹೇಳಿರಬಹುದು" ಎಂದರು. "ಅವನನ್ನ ಒಂದೇ ಒಂದು ಮಾತು ಕೇಳೋದಕ್ಕೆ ಅಪ್ಪಣೆ ಬೇಕು."

ಪ್ರಶ್ನೆ ಕೇಳುವುದು ಭಾಷಾಂತರಕಾರನ ಕೆಲಸವಲ್ಲವೆಂದು ನ್ಯಾಯಾಧೀಶರು ಗಡಸಾಗಿಯೇ ನುಡಿದರು. ತಿಳಿದಿದೆ, ಆದರೆ ಅಪ್ಪಣೆಯಾಗದೆ ಆ ವಾಕ್ಯಕ್ಕೆ ತಾವು ಸಹಿ ಹಾಕಲಾರೆವೆಂದು ಇವರು ನಿಂತಲ್ಲೇ ನಿಂತರು. ಅಷ್ಟು ವರ್ಷ ತಲೆ ತಗ್ಗಿಸಿ ದುಡಿದವರ ಆ ಹಟಕ್ಕೆ ಬೆರಗಾಗಿಯೋ ಏನೋ, ಅಪ್ಪಣೆ ಸಿಕ್ಕಿತು. ಆಗ ನೀನು ವ್ಯಾನಿನಲ್ಲಿದ್ದೆಯೋ, ನಡೆದು ಹೋಗುತ್ತಿದ್ದೆಯೋ ಎಂದು ಕೇಳಿದರು. ಇದೇನು ಪ್ರಶ್ನೆ ಎಂಬಂತೆ ಚಾಲಕ ಮುಖ ಎತ್ತಿದ. ನಡೆದೇ ಹೋಗುತ್ತಿದ್ದೆ, ವ್ಯಾನು ಅಂದು ರಿಪೇರಿಗೆ ಹೋಗಿತ್ತು, ಇದುವರೆಗೆ ಯಾರೂ ಅದನ್ನು ಕೇಳಲೇ ಇಲ್ಲ. ಅವನು ಅಕಸ್ಮಾತ್ ಎದುರಾದ, ಮಗಳ ಮದುವೆ ಗೊತ್ತಾಯಿತೆಂದು ಹೇಳಿದ, ಕೈ ಕುಲುಕಿ ಮನೆಗೆ ಹೋದೆ, ಎಂದ. ಗ್ಯಾರೇಜಿನವನನ್ನು ಕರೆಸಿದಾಗ ವ್ಯಾನು ಆ ಸಂಜೆ ಚಕ್ರ ಬಿಚ್ಚಿಕೊಂಡು ಅಲ್ಲೇ ನಿಂತಿದ್ದದ್ದು ಸಾಬೀತಾಯಿತು. ಚಾಲಕ ಬಿಡುಗಡೆಯಾದ. ಗುದ್ದಿದವರು ಯಾರೆಂಬುದು ನಾನಿದ್ದಷ್ಟು ಕಾಲವೂ ಬಯಲಾಗಲಿಲ್ಲ.

ಸಾಹೇಬರಿಗೆ ಎಚ್ಚರಿಕೆಯ ನೋಟೀಸು ಬಂತು; ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ನನಗೆ ಸಿಟ್ಟು ಬಂದು ಏನೋ ಅಂದೆ. ಅವರು ಬೇರೆಯೇ ಯೋಚನೆಯಲ್ಲಿದ್ದರು. "ವ್ಯಾನು ಅವನ ಮಾತಲ್ಲಿ ಇರಲಿಲ್ಲ ನೋಡಿ. ನಮ್ಮ ತಲೇಲಿತ್ತು. ನಾನೇ ಅದನ್ನ ಅಲ್ಲಿಗೆ ಓಡಿಸಿಕೊಂಡು ಹೋದೆ" ಎಂದರು. ಹಾಗಾದರೆ ಗೋಡೆಗೆ ಗುದ್ದಿದರೂ 'ರನ್ ಇಂಟು', ಗೆಳೆಯ ಸಿಕ್ಕರೂ 'ರನ್ ಇಂಟು', ಸಾಲಕ್ಕೆ ಬಿದ್ದರೂ 'ರನ್ ಇಂಟು' ಎನ್ನುವ ಜನ ಬದುಕನ್ನು ಹೇಗೆ ಕಾಣುತ್ತಾರೋ ಎಂದು ಸೋಜಿಗಪಟ್ಟರು.

ಇಂಥವರು ಹೆಚ್ಚುಕಡಿಮೆ ಎಲ್ಲ ಕಚೇರಿಗಳಲ್ಲಿಯೂ ಒಬ್ಬೊಬ್ಬರು ಇರುತ್ತಾರೆ. ಅವರಿಂದ ಕೆಲಸ ನಿಧಾನವಾಗುತ್ತದೆ, ಸರದಿಯಲ್ಲಿ ನಿಂತವರು ಗೊಣಗುತ್ತಾರೆ, ಮೇಲಿನವರು ಗಡಿಯಾರ ನೋಡುತ್ತಾರೆ. ದೊಡ್ಡ ಮಾತುಗಳಿಗೆ ಕಾವಲು ಕಾಯಲು ಪಂಡಿತರಿದ್ದಾರೆ, ನಿಘಂಟುಗಳಿವೆ. ಆದರೆ ಮನುಷ್ಯರು ಒಬ್ಬರಿಗೊಬ್ಬರು ನಿಜವಾಗಿ ಆಡಿಕೊಳ್ಳುವುದು ಬೇಕಾಬಿಟ್ಟಿ ಬಿದ್ದಿರುವ ಸಣ್ಣ ಮಾತುಗಳಲ್ಲಿ, ಮತ್ತು ಅವುಗಳ ಅರ್ಥ ಗೊತ್ತೇ ಇದೆಯೆಂದು ನಾವೆಲ್ಲರೂ ತಿಳಿದಿರುತ್ತೇವೆ. ಗೊತ್ತಿದೆ ಎಂದು ಲೋಕವೆಲ್ಲ ತಲೆಯಾಡಿಸುವ ಗಳಿಗೆಯಲ್ಲಿ, ಇನ್ನೊಬ್ಬನ ಬಾಯಿಂದ ಬಂದ ಪುಟ್ಟದೊಂದು ಮಾತಿನ ಎದುರು, ಗೊತ್ತಿಲ್ಲವೆಂದು ನಿಲ್ಲಬಲ್ಲ ಈ ಜನರ ಕುತೂಹಲವನ್ನು ನಾವು ಹುಚ್ಚು ಎಂದು ಕರೆಯುತ್ತೇವೆ. ಹತ್ತಿರದಿಂದ ನೋಡಿದವರಿಗೆ ಅದು ಮರ್ಯಾದೆಯ ಒಂದು ರೂಪ.