ಅರ್ಧ ಮಾತ್ರೆ

ಆ ಮನೆಯಲ್ಲಿ ಯಾವುದನ್ನೂ ಇಡಿಯಾಗಿ ಬಳಸುವ ಪದ್ಧತಿ ಇರಲಿಲ್ಲ. ಸೋಪು ತಂದ ದಿನವೇ ಎರಡು ತುಂಡಾಗುತ್ತಿತ್ತು. ಪಾತ್ರೆ ಉಜ್ಜುವ ಸ್ಪಂಜು ನಾಲ್ಕು ತುಂಡಾಗುತ್ತಿತ್ತು. ಟೂತ್‌ಪೇಸ್ಟ್ ಮುಗಿಯಿತೆಂದು ಯಾರೂ ಟ್ಯೂಬು ಎಸೆಯುವ ಹಾಗಿರಲಿಲ್ಲ. ಅದರ ಹೊಟ್ಟೆ ಸೀಳಿ ಒಳಗೆ ಬ್ರಷ್ ಆಡಿಸಿದರೆ ಇನ್ನೂ ಐದು ದಿನ ಬರುತ್ತದೆಂದು ಸೊಸೆ ತೋರಿಸಿಕೊಟ್ಟಿದ್ದಳು. ಬೆಂಕಿಕಡ್ಡಿಯೊಂದನ್ನು ಮಾತ್ರ ಸೀಳಲು ಬರುವುದಿಲ್ಲವೆಂದು ಬಿಟ್ಟಿದ್ದರು ಅಷ್ಟೆ.

ಉಳಿಸಿದ್ದೇ ಗಳಿಸಿದ್ದು ಎಂದು ಉಪದೇಶ ಮಾಡುವವರು ಬಹಳ ಮಂದಿ ಇದ್ದಾರೆ. ಅವರ ಮನೆಯಲ್ಲಿ ಉಳಿಸಲಿಕ್ಕೆ ಏನಾದರೂ ಇರುತ್ತದೆ, ಅದಕ್ಕೇ ಅವರಿಗೆ ಬಾಯಿ ಬರುತ್ತದೆ. ಇಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚಿ ಚಾಚಿ, ಕೊನೆಗೆ ಮೊಣಕಾಲು ಮಡಚಿಕೊಂಡು ಮಲಗುವುದೇ ಅಭ್ಯಾಸವಾಗಿ ಹೋಗಿತ್ತು.

ಸೊಸೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ತೋಳು, ಕಾಲರು, ಜೇಬುಗಳ ಕಾಗದದ ಅಚ್ಚುಗಳನ್ನು ಒಂದರ ಸಂದಿಯಲ್ಲಿ ಒಂದು ಸೇರಿಸಿ ಅವಳು ಸೀಮೆಸುಣ್ಣ ಎಳೆದಳೆಂದರೆ, ಹದಿನೆಂಟು ಅಂಗಿಯ ಬಟ್ಟೆಯಲ್ಲಿ ಹತ್ತೊಂಬತ್ತನೆಯದು ಹೊರಡುತ್ತಿತ್ತು. ಅಲ್ಲಿ ಅವಳಿಗೆ ‘ಮಿಲಿಮೀಟರ್’ ಎಂದು ಅಡ್ಡಹೆಸರು. ನೂರು ಚೂರುಗಳನ್ನು ರಾಶಿ ಹಾಕಿದರೂ ಇದು ತನ್ನ ಕತ್ತರಿಯದು, ಇದು ಬೇರೆಯವರದು ಎಂದು ಅಂಚು ನೋಡಿ ಹೇಳಿಬಿಡುತ್ತಿದ್ದಳು.

ಅತ್ತೆಯೂ ಏನು ಕಡಿಮೆಯವಳಲ್ಲ. ಇಪ್ಪತ್ತಾರು ವರ್ಷ ಹಾಸ್ಟೆಲಿನ ಅಡುಗೆಮನೆಯಲ್ಲಿ ದುಡಿದು, ಅರವತ್ತು ಜನಕ್ಕೆಂದು ಕೊಟ್ಟ ಬೇಳೆಯಲ್ಲಿ ತೊಂಬತ್ತು ಜನಕ್ಕೆ ಬಡಿಸಿದ ಕೈ ಅದು. ಹುಡುಗರು ‘ನೀರಜ್ಜಿ’ ಎಂದು ಕರೆಯುತ್ತಿದ್ದರಂತೆ. ಅದನ್ನು ಹೇಳಿಕೊಂಡು ಅವಳೇ ನಗುತ್ತಿದ್ದಳು. “ಬಯ್ಕೊಂಡ್ರು, ಆದ್ರೆ ಹಸ್ಕೊಂಡು ಯಾರೂ ಎದ್ದುಹೋಗ್ಲಿಲ್ಲ,” ಎನ್ನುತ್ತಿದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಇಬ್ಬರಿಗೆ ಇದ್ದದ್ದು ಒಂದೇ ಕಾಲ, ಅದೂ ಕೆಟ್ಟ ಕಾಲ. ಹಾಗಾಗಿ ಜಗಳವಾಡಲು ಪುರುಸೊತ್ತಾಗದೆ ಹೊಂದಿಕೊಂಡುಬಿಟ್ಟಿದ್ದರು.

ಸೊಸೆಯ ಗಂಡ ಮುದ್ರಣಾಲಯವೊಂದರಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಆ ವರ್ಷ ಮುದ್ರಣಾಲಯ ವಾರಕ್ಕೆ ಮೂರೇ ದಿನ ತೆರೆಯತೊಡಗಿತು, ಸಂಬಳವೂ ಅಷ್ಟಕ್ಕೇ ಇಳಿಯಿತು. ಅದೇ ತಿಂಗಳು ಒಂಬತ್ತು ವರ್ಷದ ಮಗಳ ಶಾಲೆಯಿಂದ ಚೀಟಿ ಬಂತು. ಹುಡುಗಿಗೆ ಬೋರ್ಡು ಕಾಣುತ್ತಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆ, ಬೇಗ ಕನ್ನಡಕ ಮಾಡಿಸಿ. ಕನ್ನಡಕದ ಅಂಗಡಿಯವನು ಬೆಲೆ ಹೇಳಿದಾಗ ಸೊಸೆ ಮುಖ ಸಪ್ಪಗೆ ಮಾಡಲಿಲ್ಲ. “ಮುಂದಿನ ತಿಂಗಳು ಬರ್ತೀವಿ,” ಎಂದು ಹೇಳಿ ಮಗಳ ಕೈ ಹಿಡಿದು ಹೊರಟು ಬಂದಳು.

ಮನೆಯಲ್ಲಿ ಇನ್ನು ಕತ್ತರಿಸಲು ಏನು ಉಳಿದಿದೆ? ಹಾಲು ಕಾಲು ಲೀಟರಿಗೆ ಇಳಿದಾಗಿತ್ತು. ಬಲ್ಬು ಒಂದೇ ಉರಿಯುತ್ತಿತ್ತು. ಉಳಿದದ್ದು ಅತ್ತೆಯ ರಕ್ತದೊತ್ತಡದ ಮಾತ್ರೆ. ಬೆಳಿಗ್ಗೆ ಒಂದು, ತಿಂಗಳಿಗೆ ಮೂವತ್ತು. ಹಿಂದಿನ ವಾರವಷ್ಟೇ ಕ್ಲಿನಿಕ್ಕಿನಲ್ಲಿ ತೋಳಿಗೆ ಪಟ್ಟಿ ಕಟ್ಟಿ ನೋಡಿ, “ಚೆನ್ನಾಗಿದೆ ಅಜ್ಜಿ, ನಾರ್ಮಲ್,” ಎಂದಿದ್ದರು. ಚೆನ್ನಾಗಿದ್ದರೆ ಇಡೀ ಮಾತ್ರೆ ಯಾಕೆ ಎಂದು ಸೊಸೆಗೆ ತೋರಿತು. ಚೆನ್ನಾಗಿದ್ದದ್ದೇ ಇಡೀ ಮಾತ್ರೆಯಿಂದ ಎಂದು ತೋರಲಿಲ್ಲ. ಕೈ ಕಟ್ಟಿಹೋದಾಗ ಬುದ್ಧಿಯೂ ಬೇಕಾದ ಕಡೆಗೇ ವಾಲುತ್ತದೆ.

ಭಾನುವಾರ ಮಧ್ಯಾಹ್ನ ಹೊಸ ಬ್ಲೇಡು ತೆಗೆದು ಮೂವತ್ತು ಮಾತ್ರೆಯನ್ನೂ ಎರಡೆರಡು ಮಾಡಿದಳು. ಬೇಳೆಕಾಳಿನಷ್ಟೇ ಸಣ್ಣ ಮಾತ್ರೆ. ಆದರೂ ಒಂದೇ ಒಂದು ಪುಡಿಯಾಗಲಿಲ್ಲ, ಒಂದೂ ಹೆಚ್ಚುಕಡಿಮೆಯಾಗಲಿಲ್ಲ. ಅವನ್ನು ಗುಂಡಿಗಳ ಹಳೇ ಡಬ್ಬಿಯಲ್ಲಿ ಹಾಕಿ ಶೆಲ್ಫಿನಲ್ಲಿಟ್ಟಳು. “ಅತ್ತೆಗೆ ನುಂಗೋಕೆ ಕಷ್ಟ ಆಗುತ್ತೆ, ಅದಕ್ಕೆ ಎರಡು ಮಾಡಿಟ್ಟೆ,” ಎಂದು ಗಂಡನಿಗೆ ಹೇಳಿದಳು. ಅತ್ತೆಗೆ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ಅಂಗೈ ಮೇಲಿನ ಅರ್ಧ ಮಾತ್ರೆಯನ್ನೊಮ್ಮೆ, ಸೊಸೆಯ ಮುಖವನ್ನೊಮ್ಮೆ ನೋಡಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಹಾಸ್ಟೆಲಿನ ಅಡುಗೆಯವಳಿಗೆ ಅಳತೆ ಕಡಿಮೆಯಾದದ್ದು ತಿಳಿಯದೆ ಇರುತ್ತದೆಯೇ?

ಮೂರು ವಾರ ಹೀಗೆ ನಡೆಯಿತು. ನಾಲ್ಕನೆಯ ವಾರ ಡಬ್ಬಿಗೆ ಕೈ ಹಾಕಿದಾಗ ಒಂದು ಚೂರು ಸೊಸೆಯ ಬೆರಳಿಗೆ ಅಂಟಿಕೊಂಡಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಂಚು ತನ್ನದಲ್ಲ. ತನ್ನ ಬ್ಲೇಡಿನ ಗೆರೆ ಹಾಳೆಯ ಅಂಚಿನ ಹಾಗೆ ನೇರವಾಗಿರುತ್ತದೆ. ಇದರ ಮೂಲೆಗಳು ಕರಗಿ ದುಂಡಗಾಗಿದ್ದವು, ಮೈಯೆಲ್ಲ ಜಿಗುಟಾಗಿತ್ತು. ಡಬ್ಬಿಯನ್ನು ಬಟ್ಟೆಯ ಮೇಲೆ ಸುರಿದು ನೋಡಿದರೆ, ಇರಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚಿಗೆ ಇತ್ತು.

ಅವಳಿಗೆ ಎಲ್ಲ ಅರ್ಥವಾಯಿತು. ಅತ್ತೆ ಮಾತ್ರೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು ನೀರು ಕುಡಿಯುತ್ತಾಳೆ. ಸೊಸೆ ಬಸ್ಸು ಹಿಡಿಯಲು ಬಾಗಿಲು ದಾಟಿದ ಮೇಲೆ ಉಗುಳಿ, ಒರೆಸಿ, ಡಬ್ಬಿಗೆ ವಾಪಸು ಹಾಕುತ್ತಾಳೆ. ತೊಂಬತ್ತು ಜನಕ್ಕೆ ಬಡಿಸಿದವಳು ತನ್ನ ಪಾಲನ್ನು ತಾನೇ ಪಾತ್ರೆಗೆ ಸುರಿಯುತ್ತಿದ್ದಾಳೆ.

ಸಂಜೆ ಹೇಳಬೇಕು, ಬಯ್ಯಬೇಕು ಎಂದುಕೊಂಡೇ ಸೊಸೆ ಆ ದಿನವೆಲ್ಲ ಬಟ್ಟೆ ಕತ್ತರಿಸಿದಳು. ಸಂಜೆ ಮನೆಗೆ ಬಂದರೆ ಅತ್ತೆ ಮೊಮ್ಮಗಳ ಪಕ್ಕದಲ್ಲಿ ಕೂತು ಬ್ರೆಡ್ಡಿನ ಅಂಚು ಬಿಡಿಸಿ ತಿನ್ನುತ್ತಿದ್ದಳು. ಹುಡುಗಿ ಪುಸ್ತಕಕ್ಕೆ ಮೂಗು ತಾಗಿಸಿ ಓದುತ್ತಿದ್ದಳು.

“ಕನ್ನಡಕಕ್ಕೆ ಇನ್ನೆಷ್ಟು ಬೇಕು?” ಎಂದು ಅತ್ತೆ ಕೇಳಿದಳು.

“ಇನ್ನೂ ಅರ್ಧ ಆಗ್ಬೇಕು ಅತ್ತೆ.”

“ಆಗುತ್ತೆ ಬಿಡು. ಇನ್ನೊಂದು ತಿಂಗಳು ಔಷಧಿ ತರೋದೇ ಬೇಡ ಅನ್ನಿಸುತ್ತೆ, ಡಬ್ಬಿ ತುಂಬಾನೇ ಇದೆ,” ಎಂದ ಅತ್ತೆ ಕಳ್ಳನಗೆ ನಕ್ಕಳು. ಎಷ್ಟೋ ದಿನದ ಮೇಲೆ ಮುದುಕಿಯ ಮುಖದಲ್ಲಿ ಗೆದ್ದವರ ಕಳೆ ಇತ್ತು.

ಸೊಸೆ ಬಾಯಿ ತೆರೆದಳು. ಆಮೇಲೆ, “ಹೂಂ, ಇದೆ,” ಎಂದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ನೀರು ಕುಡಿಯುವಾಗ ಸೊಸೆ ಬೇಕೆಂದೇ ಬೆನ್ನು ತಿರುಗಿಸಿ ಚಪ್ಪಲಿ ಹಾಕಿಕೊಂಡಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇಲ್ಲಿ ಕಣ್ಣು ಮುಚ್ಚಿದ್ದು ಹಾಲಿನ ಒಡತಿ. ಮೂರನೆಯ ದಿನಕ್ಕೆ ಡಬ್ಬಿಯಲ್ಲಿ ಮೂರು ಚೂರು ಜಿಗುಟಾಗಿದ್ದವು. ಹೀಗೇ ಆದರೆ ಒಳ್ಳೆಯವೆಲ್ಲ ಒದ್ದೆಯಾಗಿ ಹಾಳಾಗುತ್ತವಲ್ಲ ಎಂದು ಅವಳಿಗೆ ಹೊಟ್ಟೆ ಉರಿಯಿತು. ಹೇಗೂ ವಾಪಸು ಬರುವುದೇ ತಾನೆ? ನಾಲ್ಕನೆಯ ದಿನ ಒದ್ದೆಯಾಗಿದ್ದ ಚೂರನ್ನೇ ಆರಿಸಿ ಅತ್ತೆಯ ಅಂಗೈ ಮೇಲಿಟ್ಟಳು. ಐದನೆಯ ದಿನವೂ ಅದನ್ನೇ ಇಟ್ಟಳು. ಕಳ್ಳಾಟ ಶುರುವಾದ ಮೇಲೆ ಅತ್ತೆ ಅಂಗೈ ನೋಡುವುದನ್ನೇ ಬಿಟ್ಟು, ಸೊಸೆಗೆ ಅನುಮಾನ ಬಾರದಿರಲೆಂದು ಸೀದಾ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದು ಹೋಗಿ ಬಂದು, ಹೋಗಿ ಬಂದು, ಸವೆದು ನುಚ್ಚಕ್ಕಿಯಷ್ಟಾಯಿತು. ಆಗ ಎರಡನೆಯದನ್ನು ಹಿಡಿದಳು. ಇಂಥ ಉಳಿತಾಯವನ್ನು ಜಗತ್ತಿನಲ್ಲಿ ಬೇರೆ ಯಾರಾದರೂ ಮಾಡಿದ್ದರೋ ಇಲ್ಲವೋ. ಮಾಡದೇ ಇದ್ದರೆ ಅವರ ಪುಣ್ಯ.

ಅವಳು ಕೆಟ್ಟವಳೇ ಎಂದು ಕೇಳಿದರೆ ಹೇಳುವುದು ಕಷ್ಟ. ಅತ್ತೆಯ ಕಾಲು ಊದಿದಾಗ ಬಿಸಿನೀರಿಟ್ಟು ಒತ್ತುತ್ತಿದ್ದವಳೂ ಅವಳೇ. ಆದರೆ ಬೆಳಗಿನ ಆರೂ ಮುಕ್ಕಾಲಿಗೆ ಆ ಡಬ್ಬಿಯ ಮುಚ್ಚಳ ತೆಗೆಯುವಾಗ ಮಾತ್ರ ಅವಳು ಕಾರ್ಖಾನೆಯ ಮೇಜಿನ ಮುಂದೆ ನಿಂತ ಮಿಲಿಮೀಟರ್ ಆಗಿಬಿಡುತ್ತಿದ್ದಳು. ಎದುರಿಗಿದ್ದದ್ದು ಅತ್ತೆಯಲ್ಲ, ಕಡಿಮೆ ಬಿದ್ದ ಬಟ್ಟೆ.

ಒಂದು ಗುರುವಾರ ಮಧ್ಯಾಹ್ನ ಮಗಳು ಶಾಲೆಯಿಂದ ಬಂದಾಗ ಅಜ್ಜಿ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಆಲೂಗಡ್ಡೆ ಸುಲಿಯುವ ಚಾಕು ಕೈಯಿಂದ ಜಾರಿತ್ತು. ಕಣ್ಣು ತೆರೆದೇ ಇದ್ದವು. ಮಾತಾಡಲು ಹೋದರೆ ಬಾಯಿ ಒಂದು ಕಡೆಗೆ ಸೊಟ್ಟಗೆ ಎಳೆಯುತ್ತಿತ್ತು, ಗೊಗ್ಗರು ಸದ್ದು ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ಗೋಡೆಯ ಪಕ್ಕದ ಮಂಚ ಸಿಕ್ಕಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ, ಗಂಡನ ತಂಗಿ ಊರಿನ ಇನ್ನೊಂದು ತುದಿಯಿಂದ ಅಳುತ್ತ ಬಂದು ತಾಯಿಯ ತಲೆದೆಸೆಯಲ್ಲಿ ಕೂತಳು. ಸೊಸೆ ಎಡಗಡೆ ನಿಂತಿದ್ದಳು. ವಯಸ್ಸಿನಲ್ಲಿ ಚಿಕ್ಕವಳಾದ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ ಡಾಕ್ಟರಮ್ಮ ಬಂದು ಕಾಗದ ತಿರುವಿದಳು.

“ಬಿಪಿ ಮಾತ್ರೆ ತಗೋತಿದ್ರಾ ಇವರು?”

“ದಿನಾ ತಗೋತಿದ್ರು ಡಾಕ್ಟ್ರೇ. ಒಂದು ದಿನಾನೂ ತಪ್ಸಿಲ್ಲ, ಬೆಳಿಗ್ಗೆ ಇವಳೇ ಕೈಯಾರೆ ಕೊಡ್ತಾಳೆ,” ಎಂದು ಗಂಡ ಹೆಮ್ಮೆಯಿಂದಲೇ ಹೇಳಿದ. ಔಷಧಿಯೇನಿದ್ದರೂ ತನ್ನಿ ಎಂದಿದ್ದರೆಂದು ಡಬ್ಬಿಯನ್ನೂ ಅಂಗಡಿಯ ಚೀಟಿಯನ್ನೂ ಜೇಬಿನಿಂದ ತೆಗೆದು ಕೊಟ್ಟ. ಅವನು ಒಳ್ಳೆಯವನು. ಒಳ್ಳೆಯವರು ಡಬ್ಬಿಯ ಮುಚ್ಚಳ ತೆಗೆದು ನೋಡುವುದಿಲ್ಲ.

ಡಾಕ್ಟರಮ್ಮ ಮುಚ್ಚಳ ತೆಗೆದಳು. “ಇದೇನ್ರೀ, ಎಲ್ಲಾ ಅರ್ಧರ್ಧ?”

“ನುಂಗೋಕೆ ಕಷ್ಟ ಅಂತ ಎರಡು ಮಾಡಿ ಕೊಡ್ತಾಳೆ.”

“ಎರಡೂ ಕೊಡ್ತಿದ್ರಾ?” ಈ ಸಲ ಅವಳು ಸೊಸೆಯ ಕಡೆ ನೋಡಿದಳು.

ಸೊಸೆ ಹೇಳಿದಳು, “ಇಲ್ಲ. ಒಂದೇ. ದುಡ್ಡಿಗೆ ಕಷ್ಟ ಇತ್ತು.”

ಗಂಡ ತಿರುಗಿ ನೋಡಿದ. ನಾದಿನಿ “ಅಯ್ಯೋ!” ಎಂದು ಎದ್ದು ನಿಂತಳು. ಆದರೆ ಡಾಕ್ಟರಮ್ಮ ಚೀಟಿಯ ಮೇಲಿನ ತಾರೀಖು ನೋಡಿ ಹುಬ್ಬು ಗಂಟಿಕ್ಕಿದಳು. “ದಿನಕ್ಕೆ ಅರ್ಧ ಅಂದ್ರೂ ಇಷ್ಟೊಂದು ಉಳೀಬಾರ್ದು. ಇವರು ಅರ್ಧಾನೂ ತಗೊಂಡಿಲ್ಲ.”

ನಾದಿನಿಗೆ ತಾಯಿಯ ಗುಣ ಹುಟ್ಟಿದಾಗಿನಿಂದ ಗೊತ್ತು. ಕ್ಷಣದಲ್ಲೇ ಅವಳ ಕೋಪ ದಿಕ್ಕು ಬದಲಿಸಿತು. “ಬಾಯಲ್ಲಿಟ್ಕೊಂಡು ವಾಪಸ್ ಹಾಕಿದೀಯ ಅಲ್ವಾ? ನಾವು ಚಿಕ್ಕೋರಿದ್ದಾಗ್ಲೂ ಹಿಂಗೇ, ನನಗೆ ಹಸಿವಿಲ್ಲ ಅಂತ ನಿನ್ ತಟ್ಟೇಲಿದ್ದಿದ್ದೆಲ್ಲಾ ನಮಗೆ ಹಾಕ್ತಿದ್ದೆ. ಅವಳು ಅರ್ಧಾನಾದ್ರೂ ಕೊಟ್ಲು. ನೀನು ಅದನ್ನೂ ಉಗುಳಿದೀಯ. ಯಾರನ್ನ ಉದ್ಧಾರ ಮಾಡೋಕೆ ಅಮ್ಮಾ? ನೋಡೀಗ!”

ಮುದುಕಿ ಕಣ್ಣು ಮುಚ್ಚಿಕೊಂಡಳು. ತಪ್ಪು ಒಪ್ಪಿಕೊಂಡ ಮಕ್ಕಳ ಮುಖ ಹಾಗಿರುತ್ತದೆ. ಆಮೇಲೆ ಅವಳ ಎಡಗೈ ಹಾಸಿಗೆಯ ಮೇಲೆ ತಡಕಾಡಿ ಸೊಸೆಯ ಮಣಿಕಟ್ಟು ಹಿಡಿದು ಮೆಲ್ಲಗೆ ಒತ್ತಿತು. ಅಳಬೇಡ, ನಿನ್ನದೇನೂ ತಪ್ಪಿಲ್ಲ ಎನ್ನುವ ಹಾಗಿತ್ತು ಅದು.

“ಯಾವಾಗಿಂದ ಬಿಟ್ಟಿದ್ದಾರೆ?” ಎಂದು ಡಾಕ್ಟರಮ್ಮ ಪೆನ್ನು ಹಿಡಿದಳು. “ಅರ್ಧ ತಗೊಂಡೂ ಹಿಂಗಾಯ್ತಾ, ಪೂರ್ತಿ ನಿಲ್ಸಿದ್ರಿಂದ ಆಯ್ತಾ, ಅದು ತಿಳೀದೆ ಮುಂದಿನ ಡೋಸ್ ಬರೆಯೋಕಾಗಲ್ಲ. ತಪ್ಪಾದ್ರೆ ಇನ್ನೊಂದ್ಸಲ ಲಕ್ವ ಹೊಡೆಯುತ್ತೆ. ಎರಡು ದಿನಾನಾ, ತಿಂಗಳಾ?”

“ಅದು ಅಮ್ಮಂಗೇ ಗೊತ್ತು,” ಎಂದ ಗಂಡ. ಎಲ್ಲರೂ ಆ ಸೊಟ್ಟ ಬಾಯಿಯ ಕಡೆ ನೋಡಿದರು.

ಸೊಸೆ ಸುಮ್ಮನಿರಬಹುದಾಗಿತ್ತು. ಅರ್ಧ ಮಾಡಿದ ತಪ್ಪಿಗೆ ಅರ್ಧ ಕ್ಷಮೆ ಆಗಲೇ ಸಿಕ್ಕಿತ್ತು, ಉಳಿದರ್ಧ ನಾದಿನಿಯ ಬೈಗುಳದಲ್ಲಿ ಅತ್ತೆಯ ಪಾಲಿಗೆ ಹೋಗಿತ್ತು. ಬಾಯಿಲ್ಲದವರ ಮೇಲೆ ಬಿದ್ದದ್ದು ಅಲ್ಲೇ ಉಳಿಯುತ್ತದೆ. ಇನ್ನು ಹತ್ತು ದಿನ ಕಳೆದರೆ ಮನೆಯಲ್ಲಿ ಎಲ್ಲರೂ ಅದನ್ನೇ ನಿಜವೆಂದು ನಂಬುತ್ತಿದ್ದರು, ಅವಳೂ ನಂಬುತ್ತಿದ್ದಳೋ ಏನೋ. ಆದರೆ ಡಾಕ್ಟರಮ್ಮನ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಅಂದಾಜಿನ ಅಳತೆಯಲ್ಲಿ ಕತ್ತರಿ ಹಾಕಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ವಾರ್ಡಿನಲ್ಲಿ ಯಾರೂ ಇರಲಿಲ್ಲ.

“ಇಪ್ಪತ್ತೆರಡು ದಿನ ಆಯ್ತು ಡಾಕ್ಟ್ರೇ,” ಎಂದಳು.

ಗಂಡ ಕೇಳಿದ, “ನಿಂಗ್ ಹೇಗೆ ಗೊತ್ತು?”

“ಡಬ್ಬೀಲಿ ವಾಪಸ್ ಬಂದಿರ್ತಿತ್ತು. ಮೊದಲ್ನೇ ದಿನಾನೇ ನೋಡ್ದೆ.” ಅವಳ ದನಿ ಕಾರ್ಖಾನೆಯಲ್ಲಿ ಅಳತೆ ಓದಿ ಹೇಳುವವರ ದನಿಯ ಹಾಗೆ ಒಣಗಿತ್ತು. “ಒಳ್ಳೇವು ಹಾಳಾಗೋದು ಬೇಡ ಅಂತ, ಒದ್ದೆಯಾಗಿದ್ದನ್ನೇ ದಿನಾ ಕೊಟ್ಟೆ.”

ಡಾಕ್ಟರಮ್ಮ ಇಪ್ಪತ್ತೆರಡು ಎಂದು ಬರೆದುಕೊಂಡಳು. ಗಂಡ ಡಬ್ಬಿಯನ್ನು ಹಿಡಿದುಕೊಂಡು ಅದರೊಳಗೇ ನೋಡುತ್ತ ನಿಂತ.

ಅತ್ತೆ ಕಣ್ಣು ತೆರೆದಳು. ಇಪ್ಪತ್ತೆರಡು ದಿನ ಅವಳು ಸೊಸೆಯ ಕಣ್ಣು ತಪ್ಪಿಸಿ ಗೆದ್ದೆನೆಂದುಕೊಂಡು ಖುಷಿಯಾಗಿದ್ದಳು. ಗೊತ್ತಾದರೆ ಇವಳು ಬಿಡುವವಳಲ್ಲ, ದವಡೆ ಹಿಡಿದು ನುಂಗಿಸಿಬಿಡುತ್ತಾಳೆ ಎಂಬ ನಂಬಿಕೆಯ ಮೇಲೇ ಆ ಕಳ್ಳಾಟವೆಲ್ಲ ನಡೆದಿತ್ತು. ಈಗ ಅವಳು ಸೊಸೆಯ ಮುಖವನ್ನು ತುಂಬ ಹೊತ್ತು ನೋಡಿದಳು, ಹೊಸಬರನ್ನು ನೋಡುವ ಹಾಗೆ. ಮಣಿಕಟ್ಟಿನ ಮೇಲಿದ್ದ ಎಡಗೈಯನ್ನು ಬಿಡಿಸಿಕೊಂಡು, ಒಂದೊಂದೇ ಬೆರಳು ಎಳೆದುಕೊಂಡು, ಹೊದಿಕೆಯ ಒಳಗೆ ಇಟ್ಟುಕೊಂಡಳು.