ಎಣ್ಣೆ ಗಟ್ಟಿಯಾದ ದಿನ

ಬಾಟಲಿ ಬಗ್ಗಿಸಿದೆ, ಅಂಗೈಗೆ ಏನೂ ಬೀಳಲಿಲ್ಲ, ಇನ್ನೊಮ್ಮೆ ಬಗ್ಗಿಸಿ ತಳಕ್ಕೆ ಬಡಿದೆ, ಇಲ್ಲ — ಬೆಳ್ಳಗೆ, ಹೆರೆತ ತುಪ್ಪದ ಹಾಗೆ, ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಕೂತಿದೆ, ಕೂರಬಾರದಿತ್ತು, ಮೂರು ವರ್ಷದಿಂದ ದೀಪಾವಳಿ ಮುಗಿದ ಮರುದಿನವೇ ನಾನು ಇದನ್ನು ಒಲೆಯ ಪಕ್ಕಕ್ಕೆ ಸರಿಸಿ ಇಡುತ್ತೇನೆ, ಚಹಾದ ಶಾಖ, ರೊಟ್ಟಿ ಹಂಚಿನ ಶಾಖ, ಸಂಕ್ರಮಣ ದಾಟುವವರೆಗೂ ಅಲ್ಲೇ, ಹಾಗಾಗಿ ಮೂರು ವರ್ಷ ಈ ಮನೆಗೆ ಚಳಿಗಾಲ ಬಂದೇ ಇಲ್ಲ. ಇವತ್ತು ಬಾಟಲಿ ಕಿಟಕಿಯಲ್ಲಿದೆ. ನಾನು ಇಟ್ಟದ್ದಲ್ಲ, ನನ್ನ ಗಂಡ ಪಾರಿಸ ಇಡುವವರಲ್ಲ, ಅವರಿಗೆ ಎಣ್ಣೆ ಎಲ್ಲಿದೆ ಅಂತಲೇ ಗೊತ್ತಿಲ್ಲ, ಹಾಗಾದರೆ ಪ್ರಣಿತಾ, ಸಣ್ಣ ಮಗಳು, ರಾತ್ರಿ ಓದುತ್ತ ಕೂತವಳು ಎದ್ದು ಇಟ್ಟಿದ್ದಾಳೆ, ಹದಿನೇಳು ತುಂಬಿದ ಹುಡುಗಿ, ಬೇಕೆಂದೇ ಇಟ್ಟಿದ್ದಾಳೆ. ಹೊರಗೆ ಏನು ಮಹಾ ಚಳಿ, ನಮ್ಮ ವಿಶ್ರಾಮಬಾಗದ ಚಳಿ ಅಂದರೆ ವಾಕಿಂಗ್ ಹೋಗುವ ಮುದುಕರು ಕಿವಿಗೆ ಮಫ್ಲರ್ ಸುತ್ತಿಕೊಂಡು ಹೋಗುವುದು, ಬರುವಾಗ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುವುದು, ಅಷ್ಟೇ, ಮುಗಿಯಿತು — ಆಯಿ, ನಮ್ಮ ಊರಾಗ ಥಂಡಿ ಯಾವತ್ತ ಚಾಲೂ ಆಗ್ತದ, ತಾರೀಖ ಹೇಳು, ಅಂತ ಮೃಣಾಲ ಕೇಳಿದ್ದಳು, ನನ್ನ ದೊಡ್ಡ ಮಗಳು, ಆಗ ಎಂಟು ವರ್ಷ, ಶಾಲೆಯ ಪುಸ್ತಕದಲ್ಲಿ ಹಿಮದ ಚಿತ್ರ, ಬಣ್ಣ ಹಚ್ಚುವುದಕ್ಕೆ ಬಿಳಿಯ ಬಳಪ, ನಾನು ಜಡೆ ಹಾಕುತ್ತಿದ್ದೆ, ಎಣ್ಣೆ ಬರದೆ ಸಿಟ್ಟು ಬಂದಿತ್ತು, ಈ ಎಣ್ಣಿ ಗಟ್ಟಿ ಆದ ದಿವಸ ನೋಡವ್ವಾ ಅಂದುಬಿಟ್ಟೆ. ಬಾಯಿಗೆ ಬಂದದ್ದು ಅಂದೆ. ಅವಳು ಅದನ್ನೇ ಹಿಡಿದುಕೊಂಡಳು.

ಗಟ್ಟಿ ಹಬ್ಬ — ಹೆಸರೂ ಅವಳದೇ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಿಯಮ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು, ಮೊದಲ ಬೆರಳು ಮೃಣಾಲಳದು, ಬೇರೆ ಯಾರೂ ಮುಟ್ಟುವಂತಿಲ್ಲ, ಆಗ ಉಪ್ಪಿನಕಾಯಿಯ ಅಗಲ ಬಾಯಿಯ ಬಾಟಲಿಯಲ್ಲಿ ಎಣ್ಣೆ ಇಡುತ್ತಿದ್ದೆ, ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಒತ್ತುತ್ತಿದ್ದಳು, ತೆಗೆದರೆ ಬೆಳ್ಳನೆಯ ಎಣ್ಣೆಯಲ್ಲಿ ನೆಟ್ಟಗೆ ಒಂದು ಗುಣಿ, ಗುಣಿಯ ಒಳಬದಿಗೆ ಉಗುರಿನ ಗೆರೆ, ಆಮೇಲೆ ಬಾಟಲಿ ಮಾಳಿಗೆಯ ಕಟ್ಟೆಗೆ, ಬಿಸಿಲಿಗೆ, ಎಣ್ಣೆ ಪೂರ್ತಿ ಕರಗುವ ತನಕ ಯಾರೂ ಹೊಸ್ತಿಲು ದಾಟುವಂತಿಲ್ಲ. ಅರಿಶಿಣದ ಹರಾಜಿಗೆ ಹೋಗಬೇಕಾದ ಪಾರಿಸ ಗೊಣಗುತ್ತಿದ್ದರು, ಅಲ್ಲವ್ವಾ, ಅರಿಶಿಣದ ಲಿಲಾವು ನಿನ್ನ ಎಣ್ಣಿ ಕರಗೂ ತನಾ ನಿಂತೀತೇನ, ಯಾಪಾರ ಮಾಡೋದ ಬ್ಯಾಡೇನ, ಕುಂದ್ರಿ ಅಪ್ಪಾ, ರೂಲ್ ಅಂದ್ರ ರೂಲ್, ಅನ್ನುತ್ತಿದ್ದಳು ಮೃಣಾಲ, ಅವರು ಕೂರುತ್ತಿದ್ದರು, ಅರಿಶಿಣ ಹಿಡಿದ ಹಳದಿ ಉಗುರುಗಳನ್ನು ಬಿಸಿಲಿಗೆ ಚಾಚಿಕೊಂಡು ಹುಸಿಕೋಪದಲ್ಲಿ ಕೂರುತ್ತಿದ್ದರು, ಸಜ್ಜೆ ರೊಟ್ಟಿ, ಬೆಣ್ಣೆ, ಸಣ್ಣವಳು ಬಾಟಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಅಕ್ಕಾ ಕರಗ್ಲಿಕ್ಕತ್ತು, ಅಕ್ಕಾ ಕರಗ್ಲಿಕ್ಕತ್ತು, ಕರಗಿದ ಮೇಲೆ ಎಲ್ಲರ ನೆತ್ತಿಗೂ ಅದೇ ಎಣ್ಣೆ, ಆವತ್ತಿನಿಂದ ಸ್ವೆಟರು ಪೆಟ್ಟಿಗೆಯಿಂದ ಹೊರಗೆ. ಓಣಿಯಲ್ಲಿ ಯಾರಿಗೂ ಇಲ್ಲದ ಹಬ್ಬ, ಬಸದಿಯ ಪಂಚಾಂಗದಲ್ಲಿ ಇಲ್ಲದ್ದು, ಹನ್ನೊಂದು ವರ್ಷ ನಡೆಯಿತು. ಹನ್ನೆರಡನೆಯದನ್ನು ನಾನು ಮುರಿದೆ. ನಾನೇ. ಮಿರಜದಲ್ಲಿ ಒಂಬತ್ತಕ್ಕೆ ಪರೀಕ್ಷೆ, ಎಣ್ಣೆ ಅವತ್ತೇ ಗಟ್ಟಿಯಾಗಬೇಕೆ, ಅವಳು ಬೆರಳು ಒತ್ತಿ ಬಾಟಲಿ ಹಿಡಿದುಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದಳು, ಮುಕ್ಕಾಲು ತಾಸು ಆಯಿ, ಬಿಸಲ ಬಂದ್ರ ಮುಕ್ಕಾಲು ತಾಸು, ಜೋರ ಹೊಡದ್ರ ಮುಟ್ತೇನಿ, ನಾನು ಬಾಟಲಿ ಕಿತ್ತುಕೊಂಡೆ, ಹುಚ್ಚಿ, ಪರೀಕ್ಷಾ ಮೊದಲ, ಹಬ್ಬ ಐತವಾರ ಮಾಡೋಣ, ರೂಲ್ ಮಾಡಾಕಿ ನೀ, ಮುರಿಯಾಕಿ ನಾ, ನಡೀ — ನಗುತ್ತಲೇ ಅಂದೆ, ಭಾನುವಾರದ ತನಕ ಕರಗದಿರಲಿ ಅಂತ ನನ್ನ ಕೈಯಾರೆ ಫ್ರಿಜ್‌ನಲ್ಲಿ ಇಟ್ಟೆ, ಅವಳು ಸ್ಕೂಟಿ ಒದ್ದಳು, ಸ್ವೆಟರು ಹಾಕಿಕೊಂಡಿರಲಿಲ್ಲ, ಹಬ್ಬ ಆಗದೆ ಸ್ವೆಟರು ಪೆಟ್ಟಿಗೆಯಿಂದ ತೆಗೆಯುವಂತಿಲ್ಲ. ಕೃಷ್ಣೆಯ ಕಡೆಯಿಂದ ಮಂಜು ಎದ್ದಿತ್ತು. ಕಬ್ಬಿನ ಟ್ರ್ಯಾಕ್ಟರು, ಅದಕ್ಕೆ ಎರಡು ಡಬ್ಬಿ ಟ್ರೇಲರು, ಹಿಂದಿನ ಡಬ್ಬಿ ರಸ್ತೆಯ ಬದಿಗೆ ನಿಂತದ್ದು ಅವಳಿಗೆ ಕಾಣಲಿಲ್ಲ. ಮುಕ್ಕಾಲು ತಾಸು ಕೂತಿದ್ದರೆ ಮಂಜು ಹರಿಯುತ್ತಿತ್ತು, ಕಬ್ಬು ಕಾರ್ಖಾನೆ ಸೇರುತ್ತಿತ್ತು, ಒಂದು ಪರೀಕ್ಷೆ ಹೋಗುತ್ತಿತ್ತು, ಹೋಗಲಿ, ನೂರು ಪರೀಕ್ಷೆ ಹೋಗಲಿ. ಸಮಾಧಾನ ಹೇಳಲು ಬಂದವರೆಲ್ಲ ಹೋದ ಮೇಲೆ ಯಾರೋ ತಂದ ಹಾಲು ಇಡಲು ಫ್ರಿಜ್ ತೆಗೆದೆ, ಬಾಟಲಿ ಅಲ್ಲೇ ಇತ್ತು, ಗುಣಿ ಇತ್ತು, ಉಗುರಿನ ಗೆರೆ ಇತ್ತು.

ಅಂದಿನಿಂದ ಅದು ಮೊಸರಿನ ಗಡಿಗೆಯ ಹಿಂದೆ ಇದೆ, ತಲೆಗೆ ಹಚ್ಚಲು ಬೇರೆ ಬಾಟಲಿ ತಂದೆ, ಸಣ್ಣ ಬಾಯಿಯದು, ಯಾರ ಬೆರಳೂ ಹೋಗದ್ದು, ಕ್ಯಾಲೆಂಡರಿನ ಹಾಳೆ ಹರಿದು ಹಾಕಿದೆ. ಮೂರು ಬೇಸಿಗೆ. ಕರೆಂಟು ಹೋದರೆ ಓಡಿಹೋಗಿ ಬಾಟಲಿಗೆ ಹಸಿ ಟವೆಲು ಸುತ್ತುತ್ತೇನೆ, ಒಂದು ಮೇ ತಿಂಗಳು ಫ್ರಿಜ್ ಕೆಟ್ಟಾಗ ಪಾರಿಸ ಏನೂ ಕೇಳದೆ ಮಾರ್ಕೆಟ್ಟಿನಿಂದ ಗೋಣಿಯಲ್ಲಿ ಬರ್ಫ ತಂದು ಬಕೆಟ್ಟಿಗೆ ಸುರಿದರು, ಬಾಟಲಿ ನೆಟ್ಟಗೆ ನಿಲ್ಲುವ ಹಾಗೆ ಸುತ್ತ ಒತ್ತಿ ಹೋದರು. ಗೊತ್ತು ಅವರಿಗೆ. ಸಣ್ಣವಳಿಗೂ ಗೊತ್ತು, ಮತ್ತೇನು, ದಿನಾ ಹಾಲು ತೆಗೆಯುವವಳು — ಹಾಲು, ಫ್ರಿಜ್ — ಕಿಟಕಿಯಲ್ಲಿ ಬಾಟಲಿ ಇಟ್ಟವಳು ಅಷ್ಟಕ್ಕೇ ಬಿಡುತ್ತಾಳೆಯೇ, ಫ್ರಿಜ್ ತೆಗೆಯುತ್ತೇನೆ, ಮೊಸರಿನ ಗಡಿಗೆ ಸರಿಸುತ್ತೇನೆ, ಇಲ್ಲ, ಗಾಜಿನ ಹಲಗೆಯ ಮೇಲೆ ದುಂಡನೆ ಒಂದು ಒದ್ದೆ ಗುರುತು ಮಾತ್ರ. ಪ್ರಣಿತಾ! ಬ್ಯಾಗು ಹೆಗಲಿಗೆ ಹಾಕಿಕೊಂಡೇ ಹೊಸ್ತಿಲ ಒಳಗೆ ಕೂತಿದ್ದಾಳೆ, ಸ್ಕೂಟಿಯ ಕೀಲಿಕೈ ಬೆರಳಿಗೆ, ಮಾಳಿಗೀ ಮ್ಯಾಲ ಅದ ಆಯಿ, ಬಿಸಲಿಗೆ ಇಟ್ಟೇನಿ, ಬಸ್ ಝಾಲಂ ಆತಾ, ಸಾಕಿನ್ನ, ಅಕ್ಕಾನ ಹಬ್ಬ ಯಾಕ ಬಂದ ಮಾಡ್ತಿ, ನಂಗೂ ಹಬ್ಬ ಬೇಕು — ನಿನಗ ಯಾರ ಹೇಳಿದ್ರು ಮುಟ್ಟಂತ, ಯಾರ ಹೇಳಿದ್ರು, ಅಂತ ಕೈ ಎತ್ತಿದೆ — ಕರಗಿದ ಮ್ಯಾಲೇ ಕ್ಲಾಸಿಗೆ ಹೋಗ್ತೇನಿ ಆಯಿ, ರೂಲ್ ಅಂದ್ರ ರೂಲ್. ಅದೇ ಧ್ವನಿ. ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು, ನಾನು ಮೆಟ್ಟಿಲು ಹತ್ತಿದೆ.

ಕಟ್ಟೆಯ ಮೇಲೆ ಬಾಟಲಿ, ಬಿಸಿಲು ಈಗಷ್ಟೇ ಅದನ್ನು ಮುಟ್ಟಿದೆ, ಗಾಜಿಗೆ ಬೆವರು, ದೂರ ಮಿರಜದ ಕಡೆ ಮಂಜು ಇನ್ನೂ ಹರಿದಿಲ್ಲ, ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಾಡು ಕೇಳುತ್ತದೆ, ಡಬ್ಬಿ ಕುಲುಕುವ ಸದ್ದು, ಎತ್ತಿಕೊಂಡು ಓಡಿ ಫ್ರಿಜ್‌ಗೆ ಇಟ್ಟುಬಿಡಲೇ, ಇಟ್ಟರೆ ಹಬ್ಬ ಮುರಿಯಿತು, ಹಬ್ಬ ಮುರಿದರೆ ಕೆಳಗೆ ಕೂತವಳು ಎದ್ದು ಸ್ಕೂಟಿ ಒದೆಯುತ್ತಾಳೆ, ಇಡದಿದ್ದರೆ ಗುಣಿ ಹೋಯಿತು, ಒಬ್ಬಳ ಬೆರಳು ಹೋಯಿತು, ಬೇಡ, ಎರಡೂ ಬೇಡ, ಇದು ಕರಗದೆ ಇಲ್ಲೇ ಇರಲಿ, ಅವಳು ಹೊಸ್ತಿಲ ಒಳಗೇ ಇರಲಿ. ಬಿಸಿಲಿಗೆ ಬೆನ್ನು ಕೊಟ್ಟು ಕೂತೆ, ನನ್ನ ನೆರಳು ಬಾಟಲಿಯ ಮೇಲೆ. ಆಯಿ, ಕರಗೀತೇನ, ಅಂತ ಕೆಳಗಿನಿಂದ ಕೂಗುತ್ತಾಳೆ. ಇನ್ನಾ ಇಲ್ಲ. ನೆರಳು ಸಾಲದು, ಬದಿಯಿಂದ ಬಿಸಿಲು ಬರುತ್ತಿದೆ, ಎರಡೂ ಅಂಗೈಯಿಂದ ಬಾಟಲಿಯನ್ನು ಮುಚ್ಚಿ ಹಿಡಿದುಕೊಂಡೆ, ಎಷ್ಟು ತಣ್ಣಗಿದೆ, ಆಸ್ಪತ್ರೆಯಲ್ಲಿ ಕೊನೆಗೆ ಹಿಡಿದ ಮೃಣಾಲಳ ಕೈಯೂ ಇಷ್ಟೇ ತಣ್ಣಗಿತ್ತು, ಉಜ್ಜಿದೆ, ಎಷ್ಟು ಉಜ್ಜಿದೆ, ಬಿಸಿಯಾಗಲಿಲ್ಲ — ಇದು ಆಗುತ್ತಿದೆ. ನನ್ನ ಕೈಯ ಬಿಸಿಗೇ ಆಗುತ್ತಿದೆ, ಗಾಜಿನ ಬದಿಗೆ ಎಣ್ಣೆ ತಿಳಿಯಾಗಿ ನನ್ನ ಬೆರಳುಗಳು ಆಚೆಯಿಂದ ಕಾಣುತ್ತಿವೆ, ಕೈ ಬಿಟ್ಟರೆ ಬಿಸಿಲು ಕರಗಿಸುತ್ತದೆ, ಬಿಡದಿದ್ದರೆ ಕೈ, ಆಯಿ, ಈಗರೆ ಕರಗೀತೇನ, ಹೋಗ್ಲೇನ, ಇಲ್ಲವ್ವಾ, ಇನ್ನಾ ಇಲ್ಲ, ಕುಂದ್ರು, ನಡುವೆ ಬಿಳಿಯದು ಇಷ್ಟೇ ಇಷ್ಟು ಉಳಿದಿದೆ, ಅದರಲ್ಲಿ ಗುಣಿ, ಹೋಗ್ಲೇನ ಆಯಿ, ಇನ್ನಾ ಇಲ್ಲ, ಗುಣಿಯ ಒಳಬದಿಗೆ ಉಗುರಿನ ಗೆರೆ, ಇನ್ನಾ ಇಲ್ಲ, ಉಗುರಿನ ಗೆರೆ