ತಲೆ ಮೇಲಿನ ಶೀಟು

ಪಿಳ್ಳಪ್ಪ ಸುತ್ತಿಗೆ ಹಿಡಿದು ಏಣಿಯ ಮೂರನೇ ಮೆಟ್ಟಿಲಿಗೆ ಕಾಲಿಟ್ಟಿದ್ದ. ವಯಸ್ಸು ಎಪ್ಪತ್ತೈದು ದಾಟಿದೆ, ಒಳಗೆ ತಮ್ಮ ಗೋಪಾಲಪ್ಪನ ಹೆಣ ಮಲಗಿದೆ, ಆದರೂ ಎಲ್ಲ ಕೆಲಸಕ್ಕೂ ತಾನೇ ಮುಂದು ಅನ್ನುವ ಆಸಾಮಿ.

"ಇಳೀರಿ ಭಾವ!" ಗಂಡನ ತಲೆದೆಸೆಯಲ್ಲಿ ಕೂತಿದ್ದ ಮುನಿಲಕ್ಷ್ಮಮ್ಮ ಎದ್ದು ಓಡಿಬಂದಳು. "ಮನೆ ಮೇಲಿನ ಶೀಟು ಒಡೀಬೇಡಿ, ನಿಮ್ ಕಾಲಿಗೆ ಬೀಳ್ತೀನಿ."

"ಧನಿಷ್ಠಾ ನಕ್ಷತ್ರದಲ್ಲಿ ಜೀವ ಬಿಟ್ಟವ್ನೆ ಕಣಮ್ಮ. ಮಾಡು ತೆರೀದೆ ಹೆಣ ಎತ್ತಂಗಿಲ್ಲ ಅಂತ ಅಯ್ನೋರು ಫೋನಲ್ಲೇ ಹೇಳವ್ರೆ. ಮನೇಗೆ ಕೇಡಾಗ್ದೇ ಇರ್ಲಿ ಅಂತ್ಲೇ ಅಲ್ವಾ?"

"ಒಡುದ್ರೇನೇ ಕೇಡು. ಪುಡಿಯೆಲ್ಲಾ ಮಗು ಮೇಲೆ ಬೀಳ್ತದೆ."

ಮೊಮ್ಮಗಳು ಅರ್ಪಿತ ತಾತನ ಪಾದದ ಹತ್ತಿರ ಕೂತು ಚೆಂಡುಹೂವಿನ ಎಸಳು ಕೀಳುತ್ತಿದ್ದಳು. "ಪಾಪ, ದುಃಖಕ್ಕೆ ತಲೆ ಕೆಟ್ಟಿದೆ," ಎಂದು ಪಕ್ಕದ ಮನೆಯ ಅಶ್ವತ್ಥಮ್ಮ ಲೊಚಗುಟ್ಟಿದಳು.

ನಿಜ ಹೇಳಬೇಕೆಂದರೆ, ಮುನಿಲಕ್ಷ್ಮಮ್ಮನಿಗೆ ಆ ಬೆಳಿಗ್ಗೆ ದುಃಖಕ್ಕಿಂತ ಹೆಚ್ಚಾಗಿ ಎದೆ ಹಗುರಾಗಿತ್ತು. ಗಂಡನ ಒಂಬತ್ತು ವರ್ಷದ ಆ ಹಾಳು ಕೆಮ್ಮು ಕೊನೆಗೂ ನಿಂತಿತ್ತಲ್ಲ! ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು. ಉಳಿದಿದ್ದು ಒಂದೇ, ಅವನಿಗೆ ಕೊಟ್ಟ ಮಾತು.

*

ಪಿಲ್ಲಗುಂಪೆ ಕಡೆಯ ಆಸ್ಬೆಸ್ಟಾಸ್ ಶೀಟ್ ಫ್ಯಾಕ್ಟರಿಯಲ್ಲಿ ಗೋಪಾಲಪ್ಪ ಇಪ್ಪತ್ತೆರಡು ವರ್ಷ ದುಡಿದ. ಕಲ್ನಾರಿನ ಚೀಲ ಕುಯ್ದು ಸಿಮೆಂಟಿಗೆ ಸುರಿಯುವ ಕೆಲಸ. ಸಂಜೆ ಹಿಟ್ಟಿನ ಮಿಲ್ಲಿನವನ ಹಾಗೆ ಬೆಳ್ಳಗೆ ಬರುತ್ತಿದ್ದ. "ಏನಪ್ಪಾ, ಇಷ್ಟು ಬೇಗ ಮುದುಕ ಆಗ್ಬಿಟ್ಟೆ!" ಎಂದು ಬೀದಿಯವರು ನಗುತ್ತಿದ್ದರು. ಮನೆ ಕಟ್ಟಿದಾಗ ಅದೇ ಫ್ಯಾಕ್ಟರಿಯ ಶೀಟು ಹೊದಿಸಿದ್ದ, ಏನು ಹೆಮ್ಮೆ! ಫ್ಯಾಕ್ಟರಿ ಮುಚ್ಚಿ, ಆ ಜಾಗದಲ್ಲಿ ಗೋಡೌನು ಎದ್ದು ಎಷ್ಟೋ ವರ್ಷದ ಮೇಲೆ ಕೆಮ್ಮು ಶುರುವಾಯಿತು. ಎಕ್ಸ್‌ರೇ ನೋಡಿದ ಡಾಕ್ಟರು ಮೊದಲು ಕೇಳಿದ್ದು, ಏನು ಕೆಲಸದಲ್ಲಿದ್ದಿರಿ ಎಂದು.

ಅವತ್ತು ಮನೆಗೆ ಬಂದವನು ಮಾಡನ್ನೇ ನೋಡುತ್ತ ಕೂತ.

"ಇಡಿಯಾಗಿದ್ರೆ ಅದರ ಪಾಡಿಗೆ ಅದಿರ್ತದೆ. ಒಡುದ್ರೆ ವಿಷ ಕಣೇ. ನೀರು ಹುಯ್ದು, ನಟ್ಟು ಬಿಚ್ಚಿ, ಇಡಿಯಾಗೇ ಇಳಿಸ್ಬೇಕು. ನಾನೇ ಇಳಿಸ್ತೀನಿ. ಸುತ್ತಿಗೆ ಮಾತ್ರ ಯಾರ್ಗೂ ಮುಟ್ಸಕ್ಕೆ ಬಿಡ್ಬೇಡ, ಮಾತು ಕೊಡು."

ಕೊಟ್ಟಳು. ಅವನಿಗೋ ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತಿತ್ತು. ಆದರೂ ಆಗಾಗ ಚಿಕ್ಕದೊಂದು ಡಬ್ಬಿ ಹಿಡಿದು ಏಣಿ ಹತ್ತುತ್ತಿದ್ದ. "ಮೇಲೇನು ಮಾಡ್ತೀರಾ?" ಎಂದರೆ, "ಏನಿಲ್ಲ ಬಿಡು." ಬೈದು ಬೈದು ಸಾಕಾಗಿ ಅವಳು ಏಣಿಯನ್ನೇ ಅಶ್ವತ್ಥಮ್ಮನ ಮನೆಗೆ ಸಾಗಿಸಿದಳು. ಆ ಪುಣ್ಯಾತ್ಮ ಅಲ್ಲಿಗೇ ಹೋಗಿ ಎಳೆದು ತಂದ.

*

"ಬಿಚ್ಚೋಣ ದೊಡ್ಡಪ್ಪ, ಒಡಿಯೋದು ಬೇಡ," ಎಂದು ಮಗ ಕೆಂಪರಾಜ್ ಸ್ಪ್ಯಾನರ್ ತಂದ.

"ಮೂವತ್ತು ವರ್ಷದ ನಟ್ಟು ಕಣ್ಲಾ! ತುಕ್ಕು ಹಿಡ್ದು ಕಚ್ಕೊಂಡಿರ್ತದೆ. ಒಂದ್ಸಲ ನೋಡು. ಬರ್ಲಿಲ್ಲ ಅಂದ್ರೆ ನಾನು ಒಡಿಯೋನೇ," ಎಂದು ಪಿಳ್ಳಪ್ಪ ಏಣಿ ಇಳಿದ.

ಕೆಂಪರಾಜ್ ಮುಖಕ್ಕೆ ಒದ್ದೆ ಟವೆಲ್ ಕಟ್ಟಿ ಏಣಿ ಹತ್ತಿದ. ಎರಡು ಬಿಂದಿಗೆ ನೀರು ಸುರಿದ. ಮಗುವನ್ನು ಎತ್ತಿಕೊಂಡು ಮುನಿಲಕ್ಷ್ಮಮ್ಮ ಬೀದಿಯಲ್ಲಿ ನಿಂತಳು. ದೇವರೇ, ಒಂದು ನಟ್ಟು ಹಟ ಹಿಡಿದರೂ ಭಾವ ಕೇಳುವವನಲ್ಲ. ಮೇಲಿಂದ ಸದ್ದೇ ಇಲ್ಲ.

"ಅಮ್ಮಾ! ಕೈಯಲ್ಲೇ ತಿರುಗ್ತಾ ಐತೆ!"

ಕೆಂಪರಾಜ್ ಬೆರಳು ತೋರಿಸಿದ. ತುದಿಯಲ್ಲಿ ಕಪ್ಪಗೆ ಗ್ರೀಸು. "ಎಲ್ಲಾ ನಟ್ಟಿಗೂ ಬಳ್ದವ್ರೆ ಅಪ್ಪ."

"ಅಯ್ಯೋ ನನ್ನಪ್ಪನೇ, ಇದಕ್ಕಾ ನೀನು ಏಣಿ ಏಣಿ ಅಂತ ಸಾಯ್ತಿದ್ದಿದ್ದು?" ಎಂದು ತಮ್ಮ ಮಲಗಿದ್ದ ಕಡೆ ನೋಡಿ ಪಿಳ್ಳಪ್ಪ ಸುತ್ತಿಗೆಯನ್ನು ಸದ್ದಾಗದಂತೆ ಜಗಲಿಯ ಮೂಲೆಗಿಟ್ಟು, ಪಂಚೆ ಎತ್ತಿ ಕಟ್ಟಿ, ತಾನೂ ಒಂದು ಅಂಚಿಗೆ ಕೈ ಕೊಟ್ಟ.

ನಾಲ್ಕು ಜನ ಸೇರಿ ಶೀಟು ಇಳಿಸಿದರು. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ಗೋಡೆಗೆ ಒರಗಿಸಿದಾಗ ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. "ನೀವೇ ಇಳಿಸ್ಬಿಟ್ರಲ್ಲ," ಎಂದು ಗಂಡನಿಗೆ ಹೇಳುತ್ತ ಮುನಿಲಕ್ಷ್ಮಮ್ಮ ಅವತ್ತು ಮೊದಲ ಸಲ ಅತ್ತಳು. ಮನಸಾರೆ ಅತ್ತಳು.

ಒಳಗೆ ಬಂದಾಗ ಗೋಪಾಲಪ್ಪನ ಎದೆಯ ಮೇಲೆ ಬಿಸಿಲು ಬಿದ್ದಿತ್ತು. ಬೆಳಗಿನಿಂದ ಶೀಟಿನಡಿಯಲ್ಲೇ ಸುತ್ತುತ್ತಿದ್ದ ಊದುಬತ್ತಿಯ ಹೊಗೆ ಈಗ ದಾರಿ ಸಿಕ್ಕಿ ನೆಟ್ಟಗೆ ಮೇಲೇರಿ ಹೊರಗೆ ಹೋಗುತ್ತಿತ್ತು.